ವಾಲ್ಡೆಮಾರ್ ಹಾಫ್‌ಕಿನ್: ಕಾಲರಾ ಮತ್ತು ಪ್ಲೇಗು ಲಸಿಕೆಗಳ ಪ್ರವರ್ತಕ

ಸಂಕ್ಷಿಪ್ತ ಪರಿಚಯ

ಹೆಸರು: ವಾಲ್ಡೆಮಾರ್ ಮೊರ್ಡೆಕೈ ಹಾಫ್‌ಕಿನ್
ಜನನ: 15ನೇ ಮಾರ್ಚ್ 1860, ಒಡೆಸ್ಸಾ
ನಿಧನ: 26ನೇ ಅಕ್ಟೋಬರ್ 1930, ಲೂಸಾನ್, ಸ್ವಿಟ್ಜರ್ಲೆಂಡ್
ಭಾರತದಲ್ಲಿ ಸೇವೆ: 1893 ರಿಂದ 1904 ಹಾಗೂ 1907 ರಿಂದ ನಿವೃತ್ತಿಯವರೆಗೆ
ಪ್ರಮುಖ ಸಾಧನೆ: ಕಾಲರಾ ಲಸಿಕೆ (1892), ಪ್ಲೇಗು ಲಸಿಕೆ (1897)

ಪೀಠಿಕೆ

ಮಾನವ ಕುಲವನ್ನು ಶತಮಾನಗಳ ಕಾಲ ಕಾಡಿದ ಸಾಂಕ್ರಾಮಿಕ ರೋಗಗಳಲ್ಲಿ ಕಾಲರಾ ಮತ್ತು ಪ್ಲೇಗು ಪ್ರಮುಖವಾದವು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಈ ಎರಡೂ ರೋಗಗಳಿಗೆ ಲಸಿಕೆಯನ್ನು ಸಿದ್ಧಪಡಿಸಿ, ಮೊದಲು ತಮ್ಮ ದೇಹಕ್ಕೇ ಚುಚ್ಚಿಕೊಂಡು, ಅನಂತರ ಭಾರತದ ನಗರ ಹಾಗೂ ಹಳ್ಳಿಗಳಲ್ಲಿ ಜನರಿಗೆ ನೀಡಿದ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್. ಅವರ ಜೀವನವು ಕೇವಲ ಒಂದು ಔಷಧದ ಸಂಶೋಧನೆಯ ಕಥೆಯಲ್ಲ. ಲಸಿಕೆಯನ್ನು ಜನರು ಏಕೆ ವಿರೋಧಿಸುತ್ತಾರೆ, ಯಾರಿಗೆ ಅದು ಮೊದಲು ದೊರೆಯುತ್ತದೆ, ಯಾರಿಗೆ ತಡವಾಗಿ ದೊರೆಯುತ್ತದೆ, ಒಂದು ತಪ್ಪು ನಡೆದಾಗ ಅದರ ಹೊಣೆಯನ್ನು ಹೇಗೆ ನಿರ್ಧರಿಸಬೇಕು ಎಂಬ ಪ್ರಶ್ನೆಗಳೆಲ್ಲವೂ ಅವರ ಜೀವನದಲ್ಲಿ ಎದುರಾಗಿವೆ. ಈ ಕಾರಣದಿಂದ ಅವರ ಬದುಕನ್ನು ಸಾರ್ವಜನಿಕರು ತಿಳಿದುಕೊಳ್ಳುವುದು ಇಂದಿಗೂ ಉಪಯುಕ್ತವಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಹಾಫ್‌ಕಿನ್ ಅವರು ಅಂದಿನ ರಷ್ಯನ್ ಸಾಮ್ರಾಜ್ಯಕ್ಕೆ ಸೇರಿದ್ದ, ಇಂದು ಉಕ್ರೇನ್ ದೇಶದಲ್ಲಿರುವ ಒಡೆಸ್ಸಾ ನಗರದ ಯಹೂದಿ ವ್ಯಾಪಾರಿ ಕುಟುಂಬವೊಂದರಲ್ಲಿ ಜನಿಸಿದರು. ಬರ್ದಿಯಾನ್ಸ್ಕ್ ಪಟ್ಟಣದಲ್ಲಿ ಶಾಲಾ ಶಿಕ್ಷಣವನ್ನು ಮುಗಿಸಿ, ಒಡೆಸ್ಸಾದ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರವನ್ನು ಅಭ್ಯಾಸ ಮಾಡಿದರು. ಮುಂದೆ ನೊಬೆಲ್ ಪ್ರಶಸ್ತಿಗೆ ಪಾತ್ರರಾದ ಇಲ್ಯಾ ಮೆಚ್ನಿಕಾಫ್ ಅವರು ಅಲ್ಲಿ ಅವರಿಗೆ ಗುರುಗಳಾಗಿದ್ದರು.

ವಿದ್ಯಾರ್ಥಿ ದೆಸೆಯಲ್ಲಿಯೇ ಹಾಫ್‌ಕಿನ್ ಅವರು ಅರಸೊತ್ತಿಗೆಯನ್ನು ವಿರೋಧಿಸುವ ಚಳವಳಿಗಳ ಸಂಪರ್ಕಕ್ಕೆ ಬಂದಿದ್ದರು. 1881 ರಲ್ಲಿ ಯಹೂದಿಯರ ಮೇಲೆ ದಾಳಿಗಳು ನಡೆದಾಗ ರಕ್ಷಣೆಗಾಗಿ ನಿಂತ ಯುವಕರ ಗುಂಪಿನಲ್ಲಿ ಅವರೂ ಇದ್ದರು. ಗಾಯಗೊಂಡು ಬಂಧನಕ್ಕೊಳಗಾದ ಅವರು ಮೆಚ್ನಿಕಾಫ್ ಅವರ ಮಧ್ಯಸ್ಥಿಕೆಯಿಂದ ಬಿಡುಗಡೆ ಹೊಂದಿದರು. ವ್ಯಾಸಂಗದಲ್ಲಿ ಎಷ್ಟೇ ಪ್ರತಿಭಾವಂತರಾಗಿದ್ದರೂ ಯಹೂದಿಯಾಗಿದ್ದ ಕಾರಣ ಅವರಿಗೆ ವಿಶ್ವವಿದ್ಯಾಲಯದಲ್ಲಿ ಬೋಧಕ ಹುದ್ದೆ ದೊರೆಯುವಂತಿರಲಿಲ್ಲ. ಮತಾಂತರ ಹೊಂದಿದಲ್ಲಿ ಆ ದಾರಿ ತೆರೆಯುತ್ತಿತ್ತು. ಅದಕ್ಕೆ ಅವರು ಒಪ್ಪಲಿಲ್ಲ. ಕೆಲವು ವರ್ಷ ಒಡೆಸ್ಸಾದ ಪ್ರಾಣಿಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿ ಸೇವೆ ಸಲ್ಲಿಸಿ 1888 ರಲ್ಲಿ ತಾಯ್ನಾಡನ್ನು ತೊರೆದು ಜಿನೀವಾಕ್ಕೆ ತೆರಳಿದರು.

ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ

1889 ರಲ್ಲಿ ಹಾಫ್‌ಕಿನ್ ಅವರು ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯನ್ನು ಸೇರಿದರು. ಅಲ್ಲಿ ಅವರಿಗೆ ಮೊದಲು ದೊರೆತದ್ದು ಗ್ರಂಥಾಲಯದ ಸಹಾಯಕ ಹುದ್ದೆ. ಗ್ರಂಥಾಲಯದ ಕೆಲಸವನ್ನು ಪೂರೈಸಿ ಉಳಿದ ಸಮಯವನ್ನು ಅವರು ಪ್ರಯೋಗಾಲಯದಲ್ಲಿ ಕಳೆಯುತ್ತಿದ್ದರು. ಬಿಡುವಿನ ವೇಳೆಯಲ್ಲಿ ಪಿಟೀಲು ನುಡಿಸುವುದು ಅವರ ಹವ್ಯಾಸವಾಗಿತ್ತು.

ಆ ಕಾಲದಲ್ಲಿ ಕಾಲರಾ ರೋಗವು ಏಷ್ಯಾ ಹಾಗೂ ಯೂರೋಪು ಖಂಡಗಳಲ್ಲಿ ಮತ್ತೆ ಮತ್ತೆ ಹರಡುತ್ತಿತ್ತು. 1885 ರಲ್ಲಿ ಸ್ಪೇನ್ ದೇಶದ ಹೈಮೆ ಫೆರಾನ್ ಎಂಬ ವೈದ್ಯರು ಕಾಲರಾ ಲಸಿಕೆಯನ್ನು ಪ್ರಯೋಗಿಸಿದ್ದರಾದರೂ ಅದರ ಫಲಿತಾಂಶಗಳ ಬಗ್ಗೆ ವಿಜ್ಞಾನಿಗಳಲ್ಲಿ ಸಂದೇಹವಿತ್ತು. ಹಾಫ್‌ಕಿನ್ ಅವರು ರೋಗಾಣುವನ್ನು ಒಂದು ಕ್ರಮದಲ್ಲಿ ದುರ್ಬಲಗೊಳಿಸಿ, ಮತ್ತೊಂದು ಕ್ರಮದಲ್ಲಿ ಪ್ರಬಲಗೊಳಿಸಿ, ಎರಡನ್ನೂ ಕೆಲವು ದಿನಗಳ ಅಂತರದಲ್ಲಿ ಒಂದಾದ ಮೇಲೊಂದರಂತೆ ನೀಡುವ ವಿಧಾನವನ್ನು ರೂಪಿಸಿದರು. ಪ್ರಾಣಿಗಳಲ್ಲಿ ಇದು ಸಫಲವಾದ ತರುವಾಯ 1892ನೇ ಜುಲೈ 18 ರಂದು ತಮ್ಮ ದೇಹಕ್ಕೆ ಚುಚ್ಚಿಕೊಂಡರು. ಜ್ವರ ಹಾಗೂ ಚುಚ್ಚಿದ ಜಾಗದಲ್ಲಿ ನೋವು ಕಾಣಿಸಿಕೊಂಡು ಕೆಲವು ದಿನಗಳಲ್ಲಿ ಗುಣವಾಯಿತು. ಬಳಿಕ ಅವರ ರಷ್ಯನ್ ಮಿತ್ರರು ಮೂವರು ಸ್ವ ಇಚ್ಛೆಯಿಂದ ಚುಚ್ಚಿಸಿಕೊಂಡರು.

ಅದೇ ವರ್ಷ ರಷ್ಯಾದಲ್ಲಿ ಕಾಲರಾ ಹಾವಳಿ ಉಂಟಾಗಿತ್ತು. ಹಾಫ್‌ಕಿನ್ ಅವರು ತಮ್ಮ ಲಸಿಕೆಯನ್ನು ಅಲ್ಲಿನ ಸರ್ಕಾರಕ್ಕೆ ನೀಡಲು ಮುಂದೆ ಬಂದರೂ ಅದು ಸ್ವೀಕೃತವಾಗಲಿಲ್ಲ. ಆಗ ಪ್ಯಾರಿಸ್‌ನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ, ಹಿಂದೆ ಭಾರತದ ವೈಸರಾಯ್ ಆಗಿದ್ದ ಲಾರ್ಡ್ ಡಫರಿನ್ ಅವರು ಭಾರತದಲ್ಲಿ ಪ್ರಯೋಗ ನಡೆಸುವಂತೆ ಸಲಹೆ ನೀಡಿ ಅದಕ್ಕೆ ಬೇಕಾದ ಏರ್ಪಾಡಿಗೆ ನೆರವಾದರು.

ಕಲ್ಕತ್ತೆಯ ಬಸ್ತಿಗಳಲ್ಲಿ ಕಾಲರಾ ಲಸಿಕೆ

1893ನೇ ಮಾರ್ಚ್ ತಿಂಗಳಿನಲ್ಲಿ ಹಾಫ್‌ಕಿನ್ ಅವರು ಕಲ್ಕತ್ತೆಗೆ ಬಂದಿಳಿದರು. ಅವರು ವೈದ್ಯ ಪದವಿ ಪಡೆದವರಲ್ಲ; ಬ್ರಿಟಿಷ್ ಅಧಿಕಾರಿ ವರ್ಗಕ್ಕೆ ಸೇರಿದವರೂ ಅಲ್ಲ. ರಷ್ಯಾ ಮತ್ತು ಬ್ರಿಟನ್ ನಡುವೆ ಪರಸ್ಪರ ಸಂಶಯವಿದ್ದ ಆ ಕಾಲದಲ್ಲಿ ರಷ್ಯಾದಿಂದ ಬಂದ ವ್ಯಕ್ತಿಯನ್ನು ಅನೇಕ ಅಧಿಕಾರಿಗಳು ಅನುಮಾನದಿಂದಲೇ ನೋಡಿದರು. ಅದೇ ವರ್ಷದ ಏಪ್ರಿಲ್ ತಿಂಗಳಿನಲ್ಲಿ ಆಗ್ರಾದಲ್ಲಿ ಲಸಿಕೆ ನೀಡುವ ಕಾರ್ಯ ಆರಂಭವಾಯಿತು. ಉತ್ತರ ಭಾರತದ ದಂಡು ಪ್ರದೇಶಗಳಲ್ಲಿದ್ದ ಸೈನಿಕರಿಗೆ ಹಾಗೂ ನಾಗರಿಕರಿಗೆ ಲಸಿಕೆ ನೀಡಲಾಯಿತು.

1894ನೇ ಮಾರ್ಚ್ ತಿಂಗಳಿನಲ್ಲಿ ಕಲ್ಕತ್ತೆಯ ಆರೋಗ್ಯಾಧಿಕಾರಿ ಡಾ. ಸಿಂಪ್ಸನ್ ಅವರ ಆಹ್ವಾನದ ಮೇರೆಗೆ ಹಾಫ್‌ಕಿನ್ ಅವರು ಆ ನಗರದ ಬಸ್ತಿಗಳಲ್ಲಿ ಕಾರ್ಯ ಕೈಗೊಂಡರು. ಬಡ ಕುಟುಂಬಗಳು ಒತ್ತೊತ್ತಾಗಿ ವಾಸಿಸುತ್ತಿದ್ದ ಈ ಕೇರಿಗಳಲ್ಲಿ ಕುಡಿಯಲು, ಸ್ನಾನಕ್ಕೆ ಹಾಗೂ ಬಟ್ಟೆ ಒಗೆಯಲು ಒಂದೇ ಕೆರೆಯ ನೀರನ್ನು ಬಳಸಲಾಗುತ್ತಿತ್ತು. ಕಾಲರಾ ಪ್ರತಿ ವರ್ಷವೂ ಬರುವ ರೋಗವಾಗಿತ್ತು. ಕಟ್ಟಾಲ್ ಬಗಾನ್ ಎಂಬ ಬಸ್ತಿಯಲ್ಲಿ ರೋಗ ಕಾಣಿಸಿಕೊಂಡಾಗ ಸುಮಾರು 200 ನಿವಾಸಿಗಳ ಪೈಕಿ 116 ಮಂದಿ ಚುಚ್ಚಿಸಿಕೊಂಡರು. ತರುವಾಯ ಅಲ್ಲಿ 10 ಮಂದಿಗೆ ರೋಗ ತಗುಲಿ 7 ಮಂದಿ ಮೃತಪಟ್ಟರು. ಆ ಹತ್ತು ಮಂದಿಯೂ ಲಸಿಕೆ ಪಡೆಯದವರಾಗಿದ್ದರು.

ಈ ಕಾರ್ಯ ಸುಲಭವಾಗಿರಲಿಲ್ಲ. ಒಮ್ಮೆ ಬಸ್ತಿಯೊಂದರಲ್ಲಿ ಸೇರಿದ ಗುಂಪು ಕಲ್ಲು ತೂರಿ ಗಾಜಿನ ಉಪಕರಣಗಳನ್ನು ಒಡೆದು ಹಾಕಿತು. ಆಗ ಹಾಫ್‌ಕಿನ್ ಅವರು ಪೊಲೀಸರ ಸಹಾಯವನ್ನು ಕೋರಲಿಲ್ಲ. ಜನರೆದುರಿಗೆ ತಮ್ಮ ಅಂಗಿಯನ್ನು ಮೇಲೆತ್ತಿ ತಮಗೇ ಚುಚ್ಚುಮದ್ದು ಹಾಕಿಸಿಕೊಂಡರು. ಅದನ್ನು ಕಂಡ ಮೇಲೆ ಗುಂಪಿನಲ್ಲಿದ್ದ ಅನೇಕರು ತಾವಾಗಿಯೇ ಮುಂದೆ ಬಂದರು. ಅವರೊಡನೆ ದುಡಿಯುತ್ತಿದ್ದ ಭಾರತೀಯ ವೈದ್ಯರ ಪಾತ್ರವೂ ಇಲ್ಲಿ ಸ್ಮರಣೀಯವಾದುದು. ಜನರ ಭಾಷೆಯನ್ನು ಬಲ್ಲ ಈ ವೈದ್ಯರು ಮನೆಮನೆಗೆ ತೆರಳಿ ವಿವರಿಸದೇ ಇದ್ದಿದ್ದರೆ ಬಸ್ತಿಗಳಲ್ಲಿ ಲಸಿಕೆ ಮುಂದುವರಿಯುತ್ತಿರಲಿಲ್ಲ.

1895ನೇ ವರ್ಷದ ವೇಳೆಗೆ ಸುಮಾರು 42,000 ಮಂದಿಗೆ ಕಾಲರಾ ಲಸಿಕೆ ನೀಡಲಾಗಿತ್ತು. ಲಸಿಕೆ ಪಡೆದವರಲ್ಲಿ ಸೈನಿಕರು, ಕೈದಿಗಳು ಮತ್ತು ಅಸ್ಸಾಮಿನ ಚಹಾ ತೋಟಗಳ ಕೂಲಿಗಾರರು ಗಣನೀಯ ಸಂಖ್ಯೆಯಲ್ಲಿದ್ದರು. ಇವರೆಲ್ಲರೂ ಮತ್ತೊಬ್ಬರ ಅಧೀನದಲ್ಲಿದ್ದವರು. ಲಸಿಕೆಯು ಸ್ವ ಇಚ್ಛೆಗೆ ಬಿಟ್ಟದ್ದೆಂದು ಹಾಫ್‌ಕಿನ್ ಅವರು ಹೇಳುತ್ತಿದ್ದರಾದರೂ, ತೋಟದ ಮಾಲೀಕನ ಎದುರು ಕೂಲಿಗಾರನಿಗೆ ಎಷ್ಟು ಸ್ವಾತಂತ್ರ್ಯವಿತ್ತು ಎಂಬುದು ವಿಚಾರಾರ್ಹ. ಮಲೇರಿಯಾದಿಂದ ಬಳಲಿದ ಹಾಫ್‌ಕಿನ್ ಅವರು 1895 ರಲ್ಲಿ ಯೂರೋಪಿಗೆ ಹಿಂದಿರುಗಿ, ಮುಂದಿನ ವರ್ಷ ಮತ್ತೆ ಭಾರತಕ್ಕೆ ಬಂದರು.

ಮುಂಬಯಿಯ ಪ್ಲೇಗು ಮತ್ತು ಹೊಸ ಲಸಿಕೆ

1896 ರಲ್ಲಿ ಮುಂಬಯಿ ನಗರದಲ್ಲಿ ಪ್ಲೇಗು ಕಾಣಿಸಿಕೊಂಡಿತು. ಅಕ್ಟೋಬರ್ ತಿಂಗಳಿನಲ್ಲಿ ಸರ್ಕಾರವು ಹಾಫ್‌ಕಿನ್ ಅವರನ್ನು ಅಲ್ಲಿಗೆ ಕಳುಹಿಸಿತು. ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನ ಒಂದು ಕೊಠಡಿ ಮತ್ತು ಅದರ ಪಡಸಾಲೆಯೇ ಅವರ ಪ್ರಯೋಗಾಲಯವಾಯಿತು. ಒಬ್ಬ ಗುಮಾಸ್ತ ಹಾಗೂ ಕೆಲವು ಜವಾನರನ್ನು ಬಿಟ್ಟರೆ ಬೇರೆ ಸಿಬ್ಬಂದಿ ಇರಲಿಲ್ಲ. ಅತಿಯಾದ ಕೆಲಸದ ಭಾರದಿಂದ ಸಹಾಯಕರು ಬಿಟ್ಟು ಹೋದರೂ ಹಾಫ್‌ಕಿನ್ ಅವರು ಸುಮಾರು ಮೂರು ತಿಂಗಳಲ್ಲಿ ಲಸಿಕೆಯನ್ನು ಸಿದ್ಧಪಡಿಸಿದರು.

ಮಾಂಸದ ಸಾರಿನಲ್ಲಿ ಪ್ಲೇಗಿನ ರೋಗಾಣುವನ್ನು ಬೆಳೆಸಿ, ಅದನ್ನು ಕಾಯಿಸಿ ಕೊಂದು, ಆ ದ್ರವವನ್ನು ಚುಚ್ಚುವುದು ಈ ಲಸಿಕೆಯ ವಿಧಾನವಾಗಿತ್ತು. ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟಾಗ ರೋಗಾಣುಗಳು ಅವುಗಳಿಗೆ ಅಂಟಿಕೊಂಡು ಕೆಳಮುಖವಾಗಿ ಎಳೆಎಳೆಯಾಗಿ ಬೆಳೆಯುವುದನ್ನು ಅವರು ಕಂಡುಕೊಂಡರು. ಹಿಂದೂ ಹಾಗೂ ಮುಸ್ಲಿಂ ಸಮುದಾಯಗಳ ಭಾವನೆಗಳನ್ನು ಗಮನದಲ್ಲಿರಿಸಿಕೊಂಡು ದನದ ಹಾಗೂ ಹಂದಿಯ ಮಾಂಸವನ್ನು ಬಿಟ್ಟು ಆಡಿನ ಮಾಂಸವನ್ನು ಬಳಸಲಾಯಿತು.

1897ನೇ ಜನವರಿ 10 ರಂದು ಹಾಫ್‌ಕಿನ್ ಅವರು ಸಾಮಾನ್ಯ ಪ್ರಮಾಣಕ್ಕಿಂತ ಹೆಚ್ಚಿನ ಲಸಿಕೆಯನ್ನು ತಮ್ಮ ದೇಹಕ್ಕೆ ಚುಚ್ಚಿಸಿಕೊಂಡರು. ತೀವ್ರ ಜ್ವರ ಬಂದು ಇಳಿಯಿತು. ಅದೇ ತಿಂಗಳ ಕೊನೆಯಲ್ಲಿ ಪ್ಲೇಗು ಹೊಕ್ಕಿದ್ದ ಬೈಕುಲಾ ಸೆರೆಮನೆಯಲ್ಲಿ ಒಪ್ಪಿ ಮುಂದೆ ಬಂದ ಕೈದಿಗಳಿಗೆ ಲಸಿಕೆ ನೀಡಲಾಯಿತು. ಲಸಿಕೆ ಪಡೆದವರಲ್ಲಿ ರೋಗ ಹಾಗೂ ಸಾವು ಪಡೆಯದವರಿಗಿಂತ ಬಹಳ ಕಡಿಮೆಯಾಗಿತ್ತು. 1898 ರಲ್ಲಿ ಬರೋಡಾ ಸಮೀಪದ ಉಂಢೇರಾ ಎಂಬ ಹಳ್ಳಿಯಲ್ಲಿ ಪ್ರತಿ ಮನೆಯಲ್ಲಿಯೂ ಸರಿಸುಮಾರು ಅರ್ಧದಷ್ಟು ಸದಸ್ಯರಿಗೆ ಲಸಿಕೆ ನೀಡಿ ಫಲಿತಾಂಶವನ್ನು ದಾಖಲಿಸಲಾಯಿತು. ಪ್ಲೇಗು ಹೊಕ್ಕ 28 ಕುಟುಂಬಗಳ ಲೆಕ್ಕ ಈ ಕೆಳಗಿನಂತಿದೆ.

ಲಸಿಕೆ ಪಡೆದವರು: 71, ರೋಗ ತಗುಲಿದವರು: 8, ಮೃತಪಟ್ಟವರು: 3
ಲಸಿಕೆ ಪಡೆಯದವರು: 64, ರೋಗ ತಗುಲಿದವರು: 27, ಮೃತಪಟ್ಟವರು: 26

ಒಂದೇ ಸೂರಿನಡಿ, ಒಂದೇ ಅನ್ನ ಉಂಡವರ ನಡುವಿನ ಈ ಅಂತರವು ಲಸಿಕೆಯ ಶಕ್ತಿಯನ್ನೂ ಅದರ ಮಿತಿಯನ್ನೂ ಒಟ್ಟಿಗೆ ತೋರಿಸುತ್ತದೆ. ಚುಚ್ಚಿಸಿಕೊಂಡವರಲ್ಲಿಯೂ ಮೂವರು ಸತ್ತಿದ್ದರು. ಆದರೆ ಚುಚ್ಚಿಸಿಕೊಳ್ಳದ ಇಪ್ಪತ್ತಾರು ಮಂದಿಯ ಸಂಖ್ಯೆಯ ಹಿಂದೆ, ಆಯ್ಕೆಯಲ್ಲಿ ಹೊರಗುಳಿದ ಅಣ್ಣತಮ್ಮಂದಿರು, ತಂದೆತಾಯಿಗಳು ಇದ್ದರೆಂಬುದನ್ನು ಮರೆಯುವಂತಿಲ್ಲ.

ಜನರ ವಿರೋಧಕ್ಕೆ ಕಾರಣಗಳು

ಲಸಿಕೆಯನ್ನು ವಿರೋಧಿಸಿದವರೆಲ್ಲರೂ ಅಜ್ಞಾನಿಗಳೆಂದು ಅಂದಿನ ಅನೇಕ ಅಧಿಕಾರಿಗಳು ಭಾವಿಸಿದ್ದರು. ವಾಸ್ತವ ಸ್ಥಿತಿ ಹಾಗಿರಲಿಲ್ಲ. ಮುಖ್ಯ ಕಾರಣಗಳನ್ನು ಹೀಗೆ ಗುರುತಿಸಬಹುದು.

1. ಬಲಾತ್ಕಾರದ ಭಯ: 1897ನೇ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂದಿತು. ಮನೆಗಳನ್ನು ಶೋಧಿಸುವುದು, ರೋಗಿಗಳನ್ನು ಬಲವಂತದಿಂದ ಆಸ್ಪತ್ರೆಗೆ ಒಯ್ಯುವುದು, ಮನೆಯವರನ್ನು ಶಿಬಿರದಲ್ಲಿ ಇಡುವುದು, ಸಾಮಾನುಗಳನ್ನು ಸುಡುವುದು ಇವೆಲ್ಲವೂ ನಡೆದವು. ಪುಣೆಯಲ್ಲಿ ಸೈನಿಕರು ಮನೆಗಳಿಗೆ, ದೇವರ ಕೋಣೆಗಳಿಗೆ ಹೊಕ್ಕು ಶೋಧಿಸಿದ್ದು ಜನರನ್ನು ಕೆರಳಿಸಿತು. ಅಲ್ಲಿನ ಪ್ಲೇಗು ಸಮಿತಿಯ ಮುಖ್ಯಸ್ಥ ರ‍್ಯಾಂಡ್ ಅವರನ್ನು 1897ನೇ ಜೂನ್ 22 ರಂದು ಚಾಪೇಕರ್ ಸಹೋದರರು ಗುಂಡಿಕ್ಕಿದರು. ಇಂತಹ ವಾತಾವರಣದಲ್ಲಿ ಲಸಿಕೆಯ ಸೂಜಿಯೂ ಸರ್ಕಾರದ ಲಾಠಿಯೂ ಜನರಿಗೆ ಒಂದೇ ಆಗಿ ಕಂಡವು.

2. ವದಂತಿಗಳು: ಚುಚ್ಚಿಸಿಕೊಂಡವರು ತಕ್ಷಣ ಸಾಯುವರೆಂದೂ, ಮಕ್ಕಳಾಗುವುದಿಲ್ಲವೆಂದೂ, ಜಾತಿ ಕೆಡಿಸುವ ವಸ್ತು ಅದರಲ್ಲಿದೆಯೆಂದೂ ಸುದ್ದಿ ಹರಡಿತು. 1898 ರಲ್ಲಿ ಬಲವಂತವಾಗಿ ಚುಚ್ಚಲಾಗುವುದೆಂಬ ವದಂತಿಯಿಂದ ಕಲ್ಕತ್ತೆಯಲ್ಲಿ ಗಲಭೆಗಳಾದವು.

3. ದಿನಗೂಲಿಯ ನಷ್ಟ: ಲಸಿಕೆಯ ನಂತರ ಒಂದೆರಡು ದಿನ ಜ್ವರ ಹಾಗೂ ತೋಳಿನ ಬಾವು ಇರುತ್ತಿತ್ತು. ಉಳ್ಳವರಿಗೆ ಅದು ವಿಶ್ರಾಂತಿಯ ದಿನ; ಕೂಲಿಯವನಿಗೆ ಅದು ಒಲೆ ಹೊತ್ತದ ದಿನ. ಈ ನಷ್ಟವನ್ನು ತುಂಬಿಕೊಡುವ ವ್ಯವಸ್ಥೆ ಸಾಮಾನ್ಯವಾಗಿ ಇರಲಿಲ್ಲ.

4. ಸ್ತ್ರೀಯರ ಸಂಕೋಚ: ಪರಪುರುಷ ವೈದ್ಯರ ಎದುರು ತೋಳು ಚಾಚಲು ಸ್ತ್ರೀಯರು ಒಪ್ಪುತ್ತಿರಲಿಲ್ಲ. ಮಹಿಳಾ ವೈದ್ಯರ ಸಂಖ್ಯೆ ಅತ್ಯಲ್ಪವಾಗಿತ್ತು.

ಹಾಫ್‌ಕಿನ್ ಅವರು ಬಲಾತ್ಕಾರವನ್ನು ಒಪ್ಪುತ್ತಿರಲಿಲ್ಲ. ಸಮುದಾಯದ ನಂಬಿಕೆಗೆ ಪಾತ್ರರಾದವರ ಮೂಲಕ ಜನರನ್ನು ತಲುಪುವುದು ಅವರ ಮಾರ್ಗವಾಗಿತ್ತು. ಇಸ್ಮಾಯಿಲಿ ಖೋಜಾ ಸಮುದಾಯದ ಧರ್ಮಗುರುಗಳಾದ ಮೂರನೆಯ ಆಗಾ ಖಾನ್ ಅವರು ಇಪ್ಪತ್ತರ ಹರೆಯದಲ್ಲಿ ಜನರೆದುರು ತಾವೇ ಲಸಿಕೆ ಹಾಕಿಸಿಕೊಂಡು, ತಮ್ಮ ಖುಶ್ರೂ ಲಾಡ್ಜ್ ಎಂಬ ಕಟ್ಟಡವನ್ನು ಪ್ರಯೋಗಾಲಯಕ್ಕಾಗಿ ನೀಡಿದರು. ಆ ಸಮುದಾಯದ ಸಾವಿರಾರು ಮಂದಿ ಲಸಿಕೆ ಪಡೆದರು. ಕೆಲಸ ವಿಸ್ತಾರಗೊಂಡಂತೆ 1899ನೇ ಆಗಸ್ಟ್ ತಿಂಗಳಿನಲ್ಲಿ ಪರೇಲ್‌ನ ಹಳೆಯ ಗವರ್ನರ್ ನಿವಾಸದಲ್ಲಿ ಪ್ಲೇಗು ಸಂಶೋಧನಾ ಪ್ರಯೋಗಾಲಯವು ಪ್ರಾರಂಭವಾಯಿತು.

ಹುಬ್ಬಳ್ಳಿ, ಧಾರವಾಡ ಮತ್ತು ಮೈಸೂರು ಸಂಸ್ಥಾನ

ಹಾಫ್‌ಕಿನ್ ಲಸಿಕೆಯ ಇತಿಹಾಸದಲ್ಲಿ ಕನ್ನಡ ನಾಡಿಗೆ ವಿಶೇಷ ಸ್ಥಾನವಿದೆ. ಅಂದು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ ಜಿಲ್ಲೆಯಲ್ಲಿ 1898 ರಲ್ಲಿ ಪ್ಲೇಗು ಭೀಕರವಾಗಿ ಹರಡಿತು. ರೈಲು ಹಾಗೂ ಹತ್ತಿ ವ್ಯಾಪಾರದ ಕೇಂದ್ರವಾಗಿದ್ದ ಹುಬ್ಬಳ್ಳಿಯಲ್ಲಿ ಕ್ಯಾಪ್ಟನ್ ಲ್ಯೂಮನ್ ಎಂಬ ವೈದ್ಯಾಧಿಕಾರಿಯ ನೇತೃತ್ವದಲ್ಲಿ ಲಸಿಕೆ ಕಾರ್ಯ ನಡೆಯಿತು. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗಿನ ಅವಧಿಯಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ, ಅಂದರೆ ಊರಿನಲ್ಲಿ ಉಳಿದಿದ್ದವರ ಪೈಕಿ ಬಹುಪಾಲು ಜನರು ಲಸಿಕೆ ಪಡೆದರು. ಒಂದು ಇಡೀ ಪಟ್ಟಣ ಈ ಪ್ರಮಾಣದಲ್ಲಿ ಚುಚ್ಚಿಸಿಕೊಂಡದ್ದು ಅಂದಿನ ಭಾರತದಲ್ಲಿ ಅಪರೂಪದ ಸಂಗತಿ. ಧಾರವಾಡ ಜಿಲ್ಲೆಯಲ್ಲಿ ಸೇವೆ ಸಲ್ಲಿಸಿದವರಲ್ಲಿ ಆಲಿಸ್ ಕಾರ್ಥಾರ್ನ್ ಎಂಬ ಮಹಿಳಾ ವೈದ್ಯರೂ ಇದ್ದರು. ವೈದ್ಯರು ಸ್ತ್ರೀಯಾಗಿದ್ದಲ್ಲಿ ಮನೆಯ ಒಳಗಿನ ಹೆಣ್ಣುಮಕ್ಕಳಿಗೂ ಲಸಿಕೆ ತಲುಪುವುದು ಸುಲಭವಾಗುತ್ತಿತ್ತು.

ಹುಬ್ಬಳ್ಳಿಯ ಕಡೆಯಿಂದ ರೈಲು ಮಾರ್ಗವಾಗಿ 1898ನೇ ಆಗಸ್ಟ್ ತಿಂಗಳಿನಲ್ಲಿ ಪ್ಲೇಗು ಬೆಂಗಳೂರನ್ನು ತಲುಪಿತು. ಮೈಸೂರು ಸಂಸ್ಥಾನವು ವಿ.ಪಿ. ಮಾಧವರಾವ್ ಅವರನ್ನು ಪ್ಲೇಗು ಕಮಿಷನರನ್ನಾಗಿ ನೇಮಿಸಿತು. ಇಲಿ ಬಿದ್ದ ಮನೆಗಳನ್ನು ಬಿಟ್ಟು ಜನರು ಊರ ಹೊರಗೆ ಜೋಪಡಿ ಹಾಕಿಕೊಂಡು ಬಾಳಿದರು. ಬಸವನಗುಡಿ ಹಾಗೂ ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಈ ಹಿನ್ನೆಲೆಯಲ್ಲಿಯೇ. ಒಂದೆಡೆ ಚುಚ್ಚುಮದ್ದು, ಮತ್ತೊಂದೆಡೆ ಪ್ಲೇಗಮ್ಮನ ಗುಡಿಗಳು ನಾಡಿನಲ್ಲಿ ಒಟ್ಟಿಗೇ ಹಬ್ಬಿದವು.

ಬೆಂಗಳೂರಿನ ಪ್ಲೇಗು ಶಿಬಿರಗಳಲ್ಲಿ ಸೇವೆ ಸಲ್ಲಿಸಿದವರಲ್ಲಿ ಡಾ. ಪಲ್ಪು ಅವರೂ ಒಬ್ಬರು. ವೈದ್ಯ ಪದವೀಧರರಾದರೂ ಈಳವ ಜಾತಿಯವರೆಂಬ ಕಾರಣಕ್ಕೆ ತಿರುವಾಂಕೂರು ಸಂಸ್ಥಾನದಲ್ಲಿ ಅವರಿಗೆ ಸರ್ಕಾರಿ ಹುದ್ದೆ ದೊರೆತಿರಲಿಲ್ಲ. ಮೈಸೂರು ಸಂಸ್ಥಾನವು ಅವರಿಗೆ ಸಿಡುಬಿನ ಲಸಿಕೆ ತಯಾರಿಕೆಯ ವಿಭಾಗದಲ್ಲಿ ಸ್ಥಾನ ನೀಡಿತ್ತು. ಹುಟ್ಟಿನ ಕಾರಣದಿಂದ ತಾಯ್ನಾಡಿನಲ್ಲಿ ಹೊರಗಿಡಲ್ಪಟ್ಟ ಇಬ್ಬರು, ಒಡೆಸ್ಸಾದ ಹಾಫ್‌ಕಿನ್ ಹಾಗೂ ತಿರುವನಂತಪುರದ ಪಲ್ಪು, ಒಂದೇ ಕಾಲದಲ್ಲಿ ಪರಸ್ಥಳದ ಜನರ ಪ್ರಾಣ ಉಳಿಸಲು ದುಡಿದದ್ದು ಗಮನಾರ್ಹ.

ಲಸಿಕೆಯ ಫಲಿತಾಂಶಗಳನ್ನು 1898 ರಲ್ಲಿ ನೇಮಕವಾದ ಭಾರತೀಯ ಪ್ಲೇಗು ಆಯೋಗವು ಪರಿಶೀಲಿಸಿತು. ರೋಗ ತಗುಲುವುದೂ ಸಾವೂ ಕಡಿಮೆಯಾಗುವುದನ್ನು ಆಯೋಗ ಒಪ್ಪಿತು. ರಕ್ಷಣೆಯು ಪೂರ್ಣವಲ್ಲವೆಂದೂ, ಅಂಕಿಅಂಶಗಳ ಸಂಗ್ರಹಣೆಯಲ್ಲಿ ಹಾಗೂ ಲಸಿಕೆಯ ಪ್ರಮಾಣ ನಿಗದಿಯಲ್ಲಿ ಲೋಪಗಳಿವೆಯೆಂದೂ ಅದು ತಿಳಿಸಿತು.

ಮುಲ್ಕೋವಾಲ್ ದುರಂತ

1902 ರಲ್ಲಿ ಪಂಜಾಬ್ ಪ್ರಾಂತ್ಯದ ಸರ್ಕಾರವು ಲಕ್ಷಾಂತರ ಜನರಿಗೆ ಲಸಿಕೆ ನೀಡುವ ಯೋಜನೆಯನ್ನು ಕೈಗೊಂಡಿತು. ಪರೇಲ್‌ನ ಒಂದೇ ಪ್ರಯೋಗಾಲಯವು ಇಷ್ಟು ಬೃಹತ್ ಬೇಡಿಕೆಯನ್ನು ಪೂರೈಸಬೇಕಾಗಿತ್ತು. ಉತ್ಪಾದನೆಯನ್ನು ಹೆಚ್ಚಿಸುವ ಸಲುವಾಗಿ ಹಾಫ್‌ಕಿನ್ ಅವರು ಲಸಿಕೆಗೆ ಕಾರ್ಬಾಲಿಕ್ ಆಮ್ಲ ಬೆರೆಸುವುದನ್ನು ಕೈಬಿಟ್ಟು, ಶಾಖದಿಂದ ಶುದ್ಧೀಕರಿಸುವ ವಿಧಾನವನ್ನು ಅವಲಂಬಿಸಿದ್ದರು.

1902ನೇ ಅಕ್ಟೋಬರ್ 30 ರಂದು ಗುಜರಾತ್ ಜಿಲ್ಲೆಯ (ಇಂದಿನ ಪಾಕಿಸ್ತಾನದ ಪಂಜಾಬ್) ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಮಂದಿಗೆ ಲಸಿಕೆ ನೀಡಲಾಯಿತು. ಅವರಲ್ಲಿ 53-ಎನ್ ಎಂಬ ಗುರುತಿನ ಒಂದು ಸೀಸೆಯಿಂದ ಚುಚ್ಚಿಸಿಕೊಂಡ 19 ಮಂದಿಗೆ ಕೆಲವೇ ದಿನಗಳಲ್ಲಿ ಧನುರ್ವಾಯು ತಗುಲಿತು. 19 ಮಂದಿಯೂ ಮೃತಪಟ್ಟರು. ಇತರ ಸೀಸೆಗಳಿಂದ ಪಡೆದ 88 ಮಂದಿಗೆ ಯಾವುದೇ ಅಪಾಯವಾಗಲಿಲ್ಲ.

ಪ್ಲೇಗಿನಿಂದ ಪಾರಾಗಲೆಂದು ನಂಬಿ ತೋಳು ಚಾಚಿದವರು ಲಸಿಕೆಯಿಂದಲೇ ಸತ್ತರು. ವದಂತಿಗಳು ಸುಳ್ಳೆಂದು ಹತ್ತು ವರ್ಷ ಹೇಳಿಕೊಂಡು ಬಂದವರಿಗೆ ಈ ಘಟನೆ ನೀಡಿದ ಆಘಾತ ಅಪಾರವಾದುದು.

ವಿಚಾರಣೆ ಮತ್ತು ತಡವಾಗಿ ದೊರೆತ ನ್ಯಾಯ

ಘಟನೆಯ ವಿಚಾರಣೆಗಾಗಿ ಸರ್ಕಾರವು ಮುಂಬಯಿಯ ಮುಖ್ಯ ನ್ಯಾಯಾಧೀಶ ಸರ್ ಲಾರೆನ್ಸ್ ಜೆಂಕಿನ್ಸ್ ಅವರ ಅಧ್ಯಕ್ಷತೆಯಲ್ಲಿ ಆಯೋಗವನ್ನು ನೇಮಿಸಿತು. ಸೀಸೆಯನ್ನು ತೆರೆಯುವ ಮೊದಲೇ, ಅಂದರೆ ಪ್ರಯೋಗಾಲಯದಲ್ಲಿಯೇ, ಧನುರ್ವಾಯುವಿನ ರೋಗಾಣು ಸೇರಿತ್ತೆಂದು ಆಯೋಗವು ಅಭಿಪ್ರಾಯಪಟ್ಟಿತು. ಕಾರ್ಬಾಲಿಕ್ ಆಮ್ಲವನ್ನು ಕೈಬಿಟ್ಟದ್ದು ಆಕ್ಷೇಪಕ್ಕೆ ಗುರಿಯಾಯಿತು. ಹಾಫ್‌ಕಿನ್ ಅವರನ್ನು ನಿರ್ದೇಶಕ ಸ್ಥಾನದಿಂದ ದೂರವಿಡಲಾಯಿತು. 1904 ರಲ್ಲಿ ಅವರು ಭಾರತವನ್ನು ಬಿಟ್ಟು ತೆರಳಿದರು.

ದಾಖಲೆಗಳಲ್ಲಿ ಬೇರೊಂದು ಸಂಗತಿ ಇತ್ತು. ಹಳ್ಳಿಯಲ್ಲಿ ಆ ಸೀಸೆಯನ್ನು ತೆರೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧೀಕರಿಸದೆ ಮತ್ತೆ ಬಳಸಲಾಗಿತ್ತು. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲಿ ವಾಸಿಸುವುದು ತಿಳಿದ ವಿಷಯ. ಸೀಸೆಯೊಳಗೆ ಅದು ವಾರಗಟ್ಟಲೆ ಬೆಳೆದಿದ್ದರೆ ತೆರೆದಾಗ ದುರ್ವಾಸನೆ ಬರಬೇಕಿತ್ತು, ಬಂದಿರಲಿಲ್ಲ. ಮಲೇರಿಯಾ ಸೊಳ್ಳೆಯಿಂದ ಹರಡುವುದನ್ನು ಪತ್ತೆ ಹಚ್ಚಿದ ರೊನಾಲ್ಡ್ ರಾಸ್ ಅವರು ಈ ಅಂಶಗಳನ್ನು ಮುಂದಿಟ್ಟು ಹಾಫ್‌ಕಿನ್ ಅವರ ಪರವಾಗಿ ವಾದಿಸಿದರು. 1907ನೇ ಜುಲೈ ತಿಂಗಳಿನಲ್ಲಿ ರಾಸ್, ಸಿಂಪ್ಸನ್ ಸೇರಿದಂತೆ ಹತ್ತು ಮಂದಿ ಗಣ್ಯ ವಿಜ್ಞಾನಿಗಳು ಸಹಿ ಮಾಡಿದ ಪತ್ರವು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ವರ್ಷದ ಕೊನೆಯಲ್ಲಿ ಹಾಫ್‌ಕಿನ್ ಅವರು ಆರೋಪದಿಂದ ಮುಕ್ತರಾದರು.

ಈ ನಡುವಿನ ಐದು ವರ್ಷಗಳಿಗೆ ತೆತ್ತ ಬೆಲೆ ಹಾಫ್‌ಕಿನ್ ಅವರೊಬ್ಬರದ್ದಲ್ಲ. ದುರಂತದ ನಂತರ ಪಂಜಾಬಿನಲ್ಲಿ ಲಸಿಕೆಯ ಬಗ್ಗೆ ವಿಶ್ವಾಸ ಕುಸಿಯಿತು. ಬೃಹತ್ ಯೋಜನೆ ಮೂಲೆಗೆ ಸರಿಯಿತು. 1907ನೇ ವರ್ಷವೊಂದರಲ್ಲಿಯೇ ಆ ಪ್ರಾಂತ್ಯದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನರು ಪ್ಲೇಗಿಗೆ ಬಲಿಯಾದರು. ಲಸಿಕೆ ಮುಂದುವರಿದಿದ್ದರೆ ಅವರಲ್ಲಿ ಎಷ್ಟು ಮಂದಿ ಉಳಿಯುತ್ತಿದ್ದರೆಂದು ಲೆಕ್ಕ ಹಾಕಲಾಗದು. ಆದರೆ ಹಳ್ಳಿಯ ಜನರಿಗೆ ಏನು ನಡೆಯಿತೆಂದು ಕೂಡಲೇ, ಬಿಚ್ಚುಮನಸ್ಸಿನಿಂದ ತಿಳಿಸುವ ಬದಲು ಒಬ್ಬರ ಮೇಲೆ ಹೊಣೆ ಹೊರಿಸಿದ್ದರಿಂದ ನಂಬಿಕೆ ಮರಳಲಿಲ್ಲವೆಂಬುದು ಸ್ಪಷ್ಟ.

ಕೊನೆಯ ದಿನಗಳು

1907ನೇ ವರ್ಷದ ಅಂತ್ಯದಲ್ಲಿ ಹಾಫ್‌ಕಿನ್ ಅವರು ಭಾರತಕ್ಕೆ ಹಿಂದಿರುಗಿ ಕಲ್ಕತ್ತೆಯ ಜೀವವಿಜ್ಞಾನ ಪ್ರಯೋಗಾಲಯದ ಮುಖ್ಯಸ್ಥರಾದರು. ಪರೇಲ್‌ನಲ್ಲಿ ಅವರು ಕಟ್ಟಿದ ಸಂಸ್ಥೆಯಲ್ಲಿ ಬೇರೊಬ್ಬರು ನಿರ್ದೇಶಕರಾಗಿದ್ದರು. ಹೊಸ ಲಸಿಕೆಗಳನ್ನು ಜನರ ನಡುವೆ ಪರೀಕ್ಷಿಸುವ ಅವಕಾಶ ಅವರಿಗೆ ಮತ್ತೆ ದೊರೆಯಲಿಲ್ಲ. ಐವತ್ತೈದು ವರ್ಷ ತುಂಬಿದಾಗ ಸೇವೆಯಿಂದ ನಿವೃತ್ತರಾಗಿ ಫ್ರಾನ್ಸ್ ದೇಶಕ್ಕೆ ತೆರಳಿದರು.

ಅವರು ವಿವಾಹವಾಗಲಿಲ್ಲ. ಉತ್ತರ ಜೀವನವನ್ನು ಧಾರ್ಮಿಕ ಅಧ್ಯಯನದಲ್ಲಿ ಹಾಗೂ ಯಹೂದಿ ಸಮುದಾಯದ ಸೇವೆಯಲ್ಲಿ ಕಳೆದರು. 1925 ರಲ್ಲಿ ಪರೇಲ್‌ನ ಪ್ರಯೋಗಾಲಯಕ್ಕೆ ಹಾಫ್‌ಕಿನ್ ಸಂಸ್ಥೆ ಎಂದು ಹೆಸರಿಡಲಾಯಿತು. 1929 ರಲ್ಲಿ ಅವರು ತಮ್ಮ ಉಳಿತಾಯವನ್ನು ಪೂರ್ವ ಯೂರೋಪಿನ ಯಹೂದಿ ವಿದ್ಯಾಲಯಗಳ ನೆರವಿಗಾಗಿ ಮೀಸಲಿಟ್ಟರು. ಮರುವರ್ಷ ಲೂಸಾನ್ ನಗರದಲ್ಲಿ ನಿಧನರಾದರು. ಭಾರತ ಸರ್ಕಾರದ ಅಂಚೆ ಇಲಾಖೆಯು 1964 ರಲ್ಲಿ ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು.

ಉಪಸಂಹಾರ

ಹಾಫ್‌ಕಿನ್ ಅವರು ರೂಪಿಸಿದ ಲಸಿಕೆಗಳು ಇಂದು ಬಳಕೆಯಲ್ಲಿಲ್ಲ. ಪ್ಲೇಗಿಗೆ ಪ್ರತಿಜೀವಕ ಔಷಧಗಳು, ಕಾಲರಾಗೆ ಬಾಯಿಯ ಮೂಲಕ ನೀಡುವ ಲಸಿಕೆಗಳು ಹಾಗೂ ಜೀವಜಲ ಚಿಕಿತ್ಸೆ ಲಭ್ಯವಿವೆ. ಆದರೆ ಅವರ ಕಾಲದಲ್ಲಿ ಎದ್ದ ಪ್ರಶ್ನೆಗಳು ಹಳೆಯದಾಗಿಲ್ಲ. ಕೋವಿಡ್ ಲಸಿಕೆ ಬಂದಾಗಲೂ ಶ್ರೀಮಂತ ದೇಶಗಳಿಗೆ ಅದು ಮೊದಲು ದೊರೆತು ಬಡ ದೇಶಗಳು ಕಾಯಬೇಕಾಯಿತು. ವದಂತಿಗಳಿಂದ ಹಿಂದೆ ಸರಿದವರೂ ಇದ್ದರು.

ಕಟ್ಟಾಲ್ ಬಗಾನ್ ಬಸ್ತಿಯಲ್ಲಿ ಜನರು ಒಪ್ಪಿದ್ದು ಆದೇಶಕ್ಕಲ್ಲ, ಕಣ್ಣಾರೆ ಕಂಡ ಪ್ರಾಮಾಣಿಕತೆಗೆ. ಪುಣೆಯಲ್ಲಿ ಜನರು ತಿರುಗಿಬಿದ್ದದ್ದು ಔಷಧದ ವಿರುದ್ಧಕ್ಕಿಂತ ಹೆಚ್ಚಾಗಿ ಅದರ ಜೊತೆಗೆ ಬಂದ ದಬ್ಬಾಳಿಕೆಯ ವಿರುದ್ಧ. ಮುಲ್ಕೋವಾಲ್‌ನಲ್ಲಿ ನಂಬಿಕೆ ಮುರಿದದ್ದು ಒಂದು ಸೀಸೆಯಿಂದ. ಲಸಿಕೆಯು ಎಲ್ಲರಿಗೂ ಸಮಾನವಾಗಿ ದೊರೆಯಬೇಕು. ಅದನ್ನು ನೀಡುವವರು ಜನರ ಸಂದೇಹಗಳನ್ನು ಸಮಾಧಾನದಿಂದ ಆಲಿಸಬೇಕು. ತಪ್ಪಾದಲ್ಲಿ ಮರೆಮಾಚದೆ ತಿಳಿಸಬೇಕು. ಸಾರ್ವಜನಿಕರೂ ಕೇಳಿದ ಸುದ್ದಿಯನ್ನು ಹಾಗೆಯೇ ನಂಬದೆ ತಮ್ಮ ಸಮೀಪದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ ತಿಳಿದುಕೊಳ್ಳುವುದು ಉಚಿತ. ಹಾಫ್‌ಕಿನ್ ಅವರ ಬದುಕಿನಿಂದಲೂ, ಮುಲ್ಕೋವಾಲ್‌ನ 19 ಮಂದಿಯ ಸಾವಿನಿಂದಲೂ ಕಲಿಯಬೇಕಾದ ಪಾಠವಿದು.